ಬಯಾಸ್ ಮಂಡಲದಲ್ಲಿ ಟ್ರಾನ್ಸಿಸ್ಟರ್ ಯಾವ ವಲಯದಲ್ಲಿದೆ ಎಂದು ನಿರ್ಣಯಿಸುವ ಬಗೆ

ಬಯಾಸ್ ಲೆಕ್ಕವೊಂದನ್ನು, ಅಂದರೆ ಟ್ರಾನ್ಸಿಸ್ಟರಿನ ಸ್ಥಿರ ವೋಲ್ಟೇಜ್ ಮತ್ತು ಪ್ರವಾಹಗಳ ಲೆಕ್ಕವನ್ನು, ಬಿಡಿಸುತ್ತ ಹೋದ ವಿದ್ಯಾರ್ಥಿಗೆ ಕೊನೆಯ ಸಾಲಿನಲ್ಲಿ ಕಲೆಕ್ಟರ್–ಎಮಿಟರ್ ವೋಲ್ಟೇಜ್ ಮೈನಸ್ 2.78 ವೋಲ್ಟ್ ಎಂದು ಬಂದರೆ, ಅವನು ಸಾಮಾನ್ಯವಾಗಿ ಮಾಡುವುದು ಎರಡರಲ್ಲಿ ಒಂದು: ಎಲ್ಲೋ ಗುಣಾಕಾರ ತಪ್ಪಿತೆಂದು ಎಲ್ಲವನ್ನೂ ಅಳಿಸಿ ಮೊದಲಿನಿಂದ ಬರೆಯುತ್ತಾನೆ, ಇಲ್ಲವೇ ಮೈನಸ್ ಚಿಹ್ನೆಯನ್ನು ಸದ್ದಿಲ್ಲದೆ ಕೈಬಿಟ್ಟು ಉತ್ತರಕ್ಕೆ ಅಡಿಗೆರೆ ಎಳೆಯುತ್ತಾನೆ. ಎರಡೂ ಬೇಕಿಲ್ಲ. ಆ ಮೈನಸ್ ಸಂಖ್ಯೆ ಲೆಕ್ಕದ ದೋಷವಲ್ಲ. ಲೆಕ್ಕ ಆರಂಭಿಸುವಾಗ ನಾವು ಹೇಳದೆಯೇ ಇಟ್ಟುಕೊಂಡ ಊಹೆಯೊಂದು ಸುಳ್ಳೆಂದು ಮಂಡಲವೇ ಕೊಟ್ಟ ಉತ್ತರ. ಆ ಊಹೆಯನ್ನು ಬಾಯಿಬಿಟ್ಟು ಹೇಳುವುದು, ಅದರ ಮೇಲೆ ಲೆಕ್ಕ ಮಾಡುವುದು, ಬಳಿಕ ಅದನ್ನು ಪರೀಕ್ಷೆಗೆ ಒಡ್ಡುವುದು ಹೇಗೆಂಬುದನ್ನು ಇಲ್ಲಿ ಎನ್‌ಪಿಎನ್ ಟ್ರಾನ್ಸಿಸ್ಟರನ್ನು ಮುಂದಿಟ್ಟುಕೊಂಡು ವಿವರಿಸಲಾಗಿದೆ. ಓದುವವರಿಗೆ ಓಮ್ ನಿಯಮ, ಕಿರ್ಚಾಫ್ ನಿಯಮಗಳು ಮತ್ತು ಥೆವೆನಿನ್ ಪ್ರಮೇಯ ಪರಿಚಿತವೆಂದು ಭಾವಿಸಿದ್ದೇನೆ.

ಊಹೆಯೂ ಅದರ ಪರೀಕ್ಷೆಯೂ

ಟ್ರಾನ್ಸಿಸ್ಟರಿನಲ್ಲಿ ಎರಡು ಸಂಧಿಗಳಿವೆ. ಬೇಸ್ ಮತ್ತು ಎಮಿಟರ್ ನಡುವೆ ಒಂದು, ಬೇಸ್ ಮತ್ತು ಕಲೆಕ್ಟರ್ ನಡುವೆ ಇನ್ನೊಂದು. ಪ್ರತಿಯೊಂದೂ ಫಾರ್ವರ್ಡ್ ಬಯಾಸ್‌ನಲ್ಲಿ, ಅಂದರೆ ಪ್ರವಾಹ ಹರಿಯಗೊಡುವ ದಿಕ್ಕಿನ ವೋಲ್ಟೇಜಿನಲ್ಲಿ, ಇರಬಹುದು ಅಥವಾ ಇಲ್ಲದಿರಬಹುದಾದ್ದರಿಂದ ಒಟ್ಟು ನಾಲ್ಕು ವಲಯಗಳಾಗುತ್ತವೆ. ಎಮಿಟರ್ ಸಂಧಿ ಮಾತ್ರ ಫಾರ್ವರ್ಡ್ ಆಗಿದ್ದರೆ ಅದು ಸಕ್ರಿಯ ವಲಯ, ಎರಡೂ ಫಾರ್ವರ್ಡ್ ಆಗಿದ್ದರೆ ಸಂತೃಪ್ತ ವಲಯ, ಎರಡೂ ಅಲ್ಲದಿದ್ದರೆ ಕಟ್‌ಆಫ್. ತರಗತಿಗಳಲ್ಲಿ ಮೊದಲಿನವೆರಡನ್ನು ಆ್ಯಕ್ಟಿವ್ ಮತ್ತು ಸ್ಯಾಚುರೇಷನ್ ಎಂದೇ ಕರೆಯುವುದು ರೂಢಿ. ಕಲೆಕ್ಟರ್ ಸಂಧಿ ಮಾತ್ರ ಫಾರ್ವರ್ಡ್ ಆಗಿರುವ ರಿವರ್ಸ್ ಸಕ್ರಿಯ ವಲಯವು ಬಯಾಸ್ ಲೆಕ್ಕಗಳಲ್ಲಿ ಬಹುಮಟ್ಟಿಗೆ ಬರುವುದಿಲ್ಲ, ಬ್ರೆಡ್‌ಬೋರ್ಡಿನ ಮೇಲೆ ತಪ್ಪಾಗಿ ಬರುತ್ತದೆ; ಅದರ ಮಾತು ಮುಂದೆ.

ಈ ವ್ಯಾಖ್ಯೆಗಳನ್ನು ಕಂಠಪಾಠ ಮಾಡಿದವರೂ ಲೆಕ್ಕದಲ್ಲಿ ಎಡವುವುದಕ್ಕೆ ಕಾರಣವೆಂದರೆ, ಪ್ರತಿ ವಲಯವೂ ನಮಗೆ ಎರಡು ಬಗೆಯ ಹೇಳಿಕೆಗಳನ್ನು ಕೊಡುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಕೆಲವು ಸಮೀಕರಣಗಳು, ಕೆಲವು ಅಸಮಾನತೆಗಳು. ಸಮೀಕರಣಗಳನ್ನು ಲೆಕ್ಕ ಬಿಡಿಸಲು ಬಳಸಬೇಕು. ಅಸಮಾನತೆಗಳನ್ನು ಬಂದ ಉತ್ತರವನ್ನು ಪರೀಕ್ಷಿಸಲು ಬಳಸಬೇಕು.

ಸಕ್ರಿಯ ವಲಯದಲ್ಲಿ ಸಮೀಕರಣಗಳು ಇವು: ಬೇಸ್–ಎಮಿಟರ್ ವೋಲ್ಟೇಜ್ = 0.7 ವೋಲ್ಟ್, ಕಲೆಕ್ಟರ್ ಪ್ರವಾಹ = ಬೀಟಾ × ಬೇಸ್ ಪ್ರವಾಹ (ಬೀಟಾ ಎಂದರೆ ಟ್ರಾನ್ಸಿಸ್ಟರ್ ಬೇಸ್ ಪ್ರವಾಹವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಸಂಖ್ಯೆ). ಪರೀಕ್ಷಿಸಬೇಕಾದದ್ದು, ಬೇಸ್ ಪ್ರವಾಹ ಸೊನ್ನೆಗಿಂತ ಹೆಚ್ಚಿದೆಯೇ ಮತ್ತು ಕಲೆಕ್ಟರ್–ಎಮಿಟರ್ ವೋಲ್ಟೇಜ್ 0.2 ವೋಲ್ಟಿಗಿಂತ ಹೆಚ್ಚಿದೆಯೇ ಎಂಬುದು. ಸಂತೃಪ್ತ ವಲಯದಲ್ಲಿ ಪಾತ್ರಗಳು ಅದಲುಬದಲಾಗುತ್ತವೆ: ಬೇಸ್–ಎಮಿಟರ್ ವೋಲ್ಟೇಜ್ 0.7 ಆಗಿಯೇ ಉಳಿದು, ಕಲೆಕ್ಟರ್–ಎಮಿಟರ್ ವೋಲ್ಟೇಜ್ = 0.2 ವೋಲ್ಟ್ ಎಂಬುದು ಸಮೀಕರಣವಾಗುತ್ತದೆ, ಮತ್ತು ಕಲೆಕ್ಟರ್ ಪ್ರವಾಹವು ಬೀಟಾ × ಬೇಸ್ ಪ್ರವಾಹಕ್ಕಿಂತ ಕಡಿಮೆಯಿದೆಯೇ ಎಂಬುದು ಪರೀಕ್ಷೆಯಾಗುತ್ತದೆ. ಕಟ್‌ಆಫ್‌ನಲ್ಲಿ ಪ್ರವಾಹಗಳೆಲ್ಲ ಸೊನ್ನೆ ಎಂಬುದು ಸಮೀಕರಣ. ಎರಡೂ ಸಂಧಿಗಳ ಮೇಲಿನ ಫಾರ್ವರ್ಡ್ ವೋಲ್ಟೇಜ್ ಸುಮಾರು 0.5 ವೋಲ್ಟಿಗಿಂತ ಕೆಳಗಿದೆಯೇ ಎಂಬುದು ಪರೀಕ್ಷೆ.

ಇದರಿಂದ ಒಂದು ನಿಯಮ ತಾನಾಗಿಯೇ ಹೊರಡುತ್ತದೆ: ಯಾವುದನ್ನು ಊಹೆಯಾಗಿ ಬಳಸಿದ್ದೇವೆಯೋ ಅದನ್ನೇ ಪುರಾವೆಯಾಗಿ ಬಳಸುವಂತಿಲ್ಲ. ಸಕ್ರಿಯವೆಂದು ಊಹಿಸಿ ಲೆಕ್ಕ ಮಾಡಿದ ಮೇಲೆ, ಎರಡು ಪ್ರವಾಹಗಳ ಅನುಪಾತ ಸರಿಯಾಗಿ ಬೀಟಾಕ್ಕೆ ಸಮನಾಗಿದೆ, ಆದ್ದರಿಂದ ಇದು ಸಕ್ರಿಯವೇ ಹೌದು ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ಕಂಡಿದ್ದೇನೆ. ಆ ಅನುಪಾತವನ್ನು ಅಲ್ಲಿ ಇಟ್ಟವರು ನಾವೇ.

ಹೆಜ್ಜೆಗಳ ಕ್ರಮ

ಮೊದಲ ಹೆಜ್ಜೆಯಲ್ಲಿ ಟ್ರಾನ್ಸಿಸ್ಟರನ್ನು ಮನಸ್ಸಿನಲ್ಲೇ ಮಂಡಲದಿಂದ ಕಿತ್ತು ತೆಗೆಯಬೇಕು. ಬೇಸ್ ಇದ್ದ ಬಿಂದುವಿಗೂ ಎಮಿಟರ್ ಇದ್ದ ಬಿಂದುವಿಗೂ ನಡುವೆ ಆಗ ಎಷ್ಟು ವೋಲ್ಟೇಜ್ ಉಳಿಯುತ್ತದೆ ಎಂದು ನೋಡಬೇಕು. ಅದು 0.5 ವೋಲ್ಟಿಗಿಂತ ಕಡಿಮೆಯಾಗಿದ್ದು, ಬೇಸ್ ಬಿಂದುವು ಕಲೆಕ್ಟರ್ ಬಿಂದುವಿಗಿಂತ ಮೇಲಿರದಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು, ಟ್ರಾನ್ಸಿಸ್ಟರ್ ಕಟ್‌ಆಫ್‌ನಲ್ಲಿದೆ. ಉದಾಹರಣೆಗೆ 12 ವೋಲ್ಟ್ ಸರಬರಾಜಿನಿಂದ 47 ಕಿಲೋ ಓಮ್ ಮೇಲೆ, 1.5 ಕಿಲೋ ಓಮ್ ಕೆಳಗೆ ಇಟ್ಟು ಬೇಸಿಗೆ ವೋಲ್ಟೇಜ್ ಹಂಚಿದರೆ ಸಿಗುವುದು 12 × 1.5 ÷ 48.5 = 0.37 ವೋಲ್ಟ್ ಮಾತ್ರ. ಬೀಟಾ ಎಷ್ಟಿದ್ದರೂ, ಕಲೆಕ್ಟರ್ ರೆಸಿಸ್ಟರ್ ಯಾವುದಿದ್ದರೂ ಇಲ್ಲಿ ಪ್ರವಾಹ ಹರಿಯದು.

ಬೇಸ್–ಎಮಿಟರ್ ನಡುವೆ 0.7 ವೋಲ್ಟಿಗಿಂತ ಸಾಕಷ್ಟು ಹೆಚ್ಚು ಇದ್ದರೆ ಎರಡನೆಯ ಹೆಜ್ಜೆಯಾಗಿ ಸಕ್ರಿಯವೆಂದು ಊಹಿಸಬೇಕು. ಸಂತೃಪ್ತವೆಂದು ಮೊದಲು ಊಹಿಸಿದರೂ ತಪ್ಪೇನಿಲ್ಲ, ಆದರೆ ಸಕ್ರಿಯ ಊಹೆಯಲ್ಲಿ ಬೇಸ್ ಕಡೆಯ ಕುಣಿಕೆ (ಲೂಪ್) ಒಂದೇ ಎಲ್ಲ ಪ್ರವಾಹಗಳನ್ನೂ ಕೊಟ್ಟುಬಿಡುವುದರಿಂದ ಲೆಕ್ಕ ಹಗುರ. ಪ್ರವಾಹಗಳು ಸಿಕ್ಕ ಮೇಲೆ ಕಲೆಕ್ಟರ್ ಮತ್ತು ಎಮಿಟರ್ ವೋಲ್ಟೇಜ್‌ಗಳನ್ನು ಗ್ರೌಂಡಿನಿಂದ ಬೇರೆಬೇರೆಯಾಗಿ ಲೆಕ್ಕಹಾಕಿ, ಅವುಗಳ ವ್ಯತ್ಯಾಸವನ್ನು 0.2ರೊಂದಿಗೆ ಹೋಲಿಸಬೇಕು. ಹೆಚ್ಚಿದ್ದರೆ ಊಹೆ ನಿಂತಿತು. ಕಡಿಮೆಯಿದ್ದರೆ ಆ ಲೆಕ್ಕದ ಸಂಖ್ಯೆಗಳಲ್ಲಿ ಒಂದನ್ನೂ ಉಳಿಸಿಕೊಳ್ಳದೆ ಮೂರನೆಯ ಹೆಜ್ಜೆಗೆ ಹೋಗಬೇಕು: ಸಂತೃಪ್ತ ಸಮೀಕರಣಗಳೊಂದಿಗೆ ಮತ್ತೆ ಬಿಡಿಸಿ, ಕಲೆಕ್ಟರ್ ಪ್ರವಾಹವನ್ನು ಬೇಸ್ ಪ್ರವಾಹದಿಂದ ಭಾಗಿಸಿ, ಬಂದದ್ದು ಬೀಟಾಕ್ಕಿಂತ ಕಡಿಮೆಯಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ವೋಲ್ಟೇಜ್ ಡಿವೈಡರ್ ಮಂಡಲದ ಎರಡು ರೂಪ

ಸರಬರಾಜು 12 ವೋಲ್ಟ್. ಬೇಸಿಗೆ ಮೇಲಿನ ರೆಸಿಸ್ಟರ್ 47 ಕಿಲೋ ಓಮ್, ಕೆಳಗಿನದು 10 ಕಿಲೋ ಓಮ್. ಎಮಿಟರಿನಲ್ಲಿ 1 ಕಿಲೋ ಓಮ್, ಕಲೆಕ್ಟರಿನಲ್ಲಿ 3.3 ಕಿಲೋ ಓಮ್. ಬೀಟಾ 200 ಎಂದಿಟ್ಟುಕೊಳ್ಳೋಣ.

ಡಿವೈಡರನ್ನು ಥೆವೆನಿನ್ ರೂಪಕ್ಕೆ ತಂದರೆ ವೋಲ್ಟೇಜ್ 12 × 10 ÷ 57 = 2.105 ವೋಲ್ಟ್, ರೋಧ 47 × 10 ÷ 57 = 8.25 ಕಿಲೋ ಓಮ್. 2.105 ವೋಲ್ಟ್ 0.7ಕ್ಕಿಂತ ಸಾಕಷ್ಟು ಮೇಲಿರುವುದರಿಂದ ಕಟ್‌ಆಫ್ ಪ್ರಶ್ನೆಯಿಲ್ಲ. ಸಕ್ರಿಯ ಊಹೆಯಲ್ಲಿ ಎಮಿಟರ್ ರೆಸಿಸ್ಟರ್ ಬೇಸ್ ಕಡೆಯಿಂದ ನೋಡಿದಾಗ ಬೀಟಾಕ್ಕಿಂತ ಒಂದು ಹೆಚ್ಚು, ಅಂದರೆ 201 ಪಟ್ಟು ದೊಡ್ಡದಾಗಿ ಕಾಣುತ್ತದೆ:

ಬೇಸ್ ಪ್ರವಾಹ = (2.105 − 0.7) ÷ (8.25 + 201) ಕಿಲೋ ಓಮ್ = 6.7 ಮೈಕ್ರೋ ಆಂಪಿಯರ್.

ಕಲೆಕ್ಟರ್ ಪ್ರವಾಹ 1.343 ಮಿಲಿ ಆಂಪಿಯರ್, ಎಮಿಟರ್ ಪ್ರವಾಹ 1.350 ಮಿಲಿ ಆಂಪಿಯರ್. ಕಲೆಕ್ಟರ್ ವೋಲ್ಟೇಜ್ 12 − 1.343 × 3.3 = 7.57 ವೋಲ್ಟ್, ಎಮಿಟರ್ ವೋಲ್ಟೇಜ್ 1.35 ವೋಲ್ಟ್, ವ್ಯತ್ಯಾಸ 6.22 ವೋಲ್ಟ್. ಇದು 0.2ಕ್ಕಿಂತ ಬಹಳ ಮೇಲಿದೆ. ಊಹೆ ನಿಂತಿತು, ಟ್ರಾನ್ಸಿಸ್ಟರ್ ಸಕ್ರಿಯ ವಲಯದಲ್ಲಿದೆ.

ಈಗ ಬೇರೇನನ್ನೂ ಮುಟ್ಟದೆ ಕಲೆಕ್ಟರ್ ರೆಸಿಸ್ಟರನ್ನು ಮಾತ್ರ 10 ಕಿಲೋ ಓಮ್‌ಗೆ ಬದಲಿಸೋಣ. ಬೇಸ್ ಕಡೆಯ ಲೆಕ್ಕದಲ್ಲಿ ಕಲೆಕ್ಟರ್ ರೆಸಿಸ್ಟರಿನ ಹೆಸರೇ ಇಲ್ಲದ ಕಾರಣ ಸಕ್ರಿಯ ಊಹೆಯ ಪ್ರವಾಹಗಳು ಕಿಂಚಿತ್ತೂ ಬದಲಾಗುವುದಿಲ್ಲ. ಆದರೆ ಕಲೆಕ್ಟರ್ ವೋಲ್ಟೇಜ್ 12 − 13.43 = ಮೈನಸ್ 1.43 ವೋಲ್ಟ್ ಆಗಿ, ಕಲೆಕ್ಟರ್–ಎಮಿಟರ್ ವ್ಯತ್ಯಾಸ ಮೈನಸ್ 2.78 ವೋಲ್ಟ್ ಆಗುತ್ತದೆ. ಆರಂಭದಲ್ಲಿ ಹೇಳಿದ ಸಂಖ್ಯೆ ಇದೇ. 12 ವೋಲ್ಟ್ ಮತ್ತು ಗ್ರೌಂಡ್ ಬಿಟ್ಟು ಬೇರೆ ಮೂಲವೇ ಇಲ್ಲದ ಮಂಡಲದಲ್ಲಿ ಯಾವ ಬಿಂದುವೂ ಗ್ರೌಂಡಿಗಿಂತ ಕೆಳಗಿಳಿಯಲಾರದು. ಟ್ರಾನ್ಸಿಸ್ಟರ್ 1.343 ಮಿಲಿ ಆಂಪಿಯರ್ ಎಳೆಯಲು ಸಿದ್ಧವಿದ್ದರೂ 10 ಕಿಲೋ ಓಮ್ ಅಷ್ಟನ್ನು ಬಿಡುವುದಿಲ್ಲ, ಅಷ್ಟೆ.

ಆದ್ದರಿಂದ ಸಂತೃಪ್ತವೆಂದು ಊಹಿಸಿ ಮತ್ತೆ ಆರಂಭಿಸೋಣ. ಇಲ್ಲಿ ಬೀಟಾ ಲೆಕ್ಕದಿಂದ ಹೊರಗೆ ಹೋಗುವುದರಿಂದ ಬೇಸ್ ಮತ್ತು ಕಲೆಕ್ಟರ್ ಪ್ರವಾಹಗಳು ಸ್ವತಂತ್ರ ಅಜ್ಞಾತಗಳಾಗುತ್ತವೆ. ಎಮಿಟರ್ ವೋಲ್ಟೇಜೊಂದನ್ನೇ ಅಜ್ಞಾತವಾಗಿಟ್ಟುಕೊಂಡು ಆ ಬಿಂದುವಿನಲ್ಲಿ ಪ್ರವಾಹಗಳನ್ನು ಕೂಡಿಸುವುದು ನನ್ನ ಅನುಭವದಲ್ಲಿ ಅತ್ಯಂತ ನೇರವಾದ ದಾರಿ. ಅದನ್ನು ಎ ಎಂದು ಕರೆದರೆ ಬೇಸ್ ವೋಲ್ಟೇಜ್ ಎ + 0.7, ಕಲೆಕ್ಟರ್ ವೋಲ್ಟೇಜ್ ಎ + 0.2. ಬೇಸಿನಿಂದ ಬರುವ ಪ್ರವಾಹವೂ ಕಲೆಕ್ಟರಿನಿಂದ ಬರುವ ಪ್ರವಾಹವೂ ಸೇರಿ ಎಮಿಟರ್ ರೆಸಿಸ್ಟರಿನಲ್ಲಿ ಹರಿಯಬೇಕು:

(1.405 − ಎ) ÷ 8.25 + (11.8 − ಎ) ÷ 10 = ಎ ÷ 1.

ಬಿಡಿಸಿದರೆ ಎ = 1.106 ವೋಲ್ಟ್. ಬೇಸ್ ಪ್ರವಾಹ 36 ಮೈಕ್ರೋ ಆಂಪಿಯರ್, ಕಲೆಕ್ಟರ್ ಪ್ರವಾಹ 1.069 ಮಿಲಿ ಆಂಪಿಯರ್. ಅನುಪಾತ ಸುಮಾರು 29, ಬೀಟಾ 200. ಪರೀಕ್ಷೆ ತೇರ್ಗಡೆಯಾಯಿತು, ಟ್ರಾನ್ಸಿಸ್ಟರ್ ಸಂತೃಪ್ತವಾಗಿದೆ, ಕಲೆಕ್ಟರ್ ವೋಲ್ಟೇಜ್ ಸುಮಾರು 1.31 ವೋಲ್ಟ್. ಸಕ್ರಿಯ ಊಹೆಯಲ್ಲಿ 6.7 ಇದ್ದ ಬೇಸ್ ಪ್ರವಾಹ ಈಗ ಐದು ಪಟ್ಟಿಗೂ ಮಿಕ್ಕಿ ಏರಿರುವುದನ್ನು ಗಮನಿಸಬೇಕು. ಕಲೆಕ್ಟರಿನಿಂದ ಬರಬೇಕಿದ್ದ ಪಾಲು ಬಾರದೆ ಎಮಿಟರ್ ವೋಲ್ಟೇಜ್ ಇಳಿದದ್ದರಿಂದ ಬೇಸ್ ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಹಳೆಯ ಲೆಕ್ಕದ ಬೇಸ್ ಪ್ರವಾಹವನ್ನೇ ಇಟ್ಟುಕೊಂಡು ಕಲೆಕ್ಟರ್ ವೋಲ್ಟೇಜನ್ನು ಮಾತ್ರ ತಿದ್ದುವುದು ಏಕೆ ತಪ್ಪೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಗಡಿ ಎಲ್ಲಿದೆ? ಸಕ್ರಿಯ ಲೆಕ್ಕದ ಪ್ರವಾಹಗಳನ್ನೇ ಇಟ್ಟುಕೊಂಡು ಕಲೆಕ್ಟರ್–ಎಮಿಟರ್ ವೋಲ್ಟೇಜ್ ಸರಿಯಾಗಿ 0.2 ಆಗುವ ರೆಸಿಸ್ಟರನ್ನು ಹುಡುಕಿದರೆ (12 − 1.35 − 0.2) ÷ 1.343 = 7.8 ಕಿಲೋ ಓಮ್ ಬರುತ್ತದೆ. ಅಂಗಡಿಯಲ್ಲಿ ಸಿಗುವ ರೋಧ ಮೌಲ್ಯಗಳಲ್ಲಿ 6.8 ಕಿಲೋ ಓಮ್ ಹಾಕಿದರೆ ಸಕ್ರಿಯ, 8.2 ಕಿಲೋ ಓಮ್ ಹಾಕಿದರೆ ಸಂತೃಪ್ತ. ಹೀಗೆ ಗಡಿಯನ್ನು ಒಮ್ಮೆ ಲೆಕ್ಕಹಾಕಿಟ್ಟುಕೊಂಡರೆ, ನಮ್ಮ ಮಂಡಲ ಅದರಿಂದ ಎಷ್ಟು ದೂರದಲ್ಲಿದೆ ಎಂಬುದೂ ತಿಳಿಯುತ್ತದೆ.

ಬೀಟಾ ಒಂದೇ ಸಂಖ್ಯೆಯಲ್ಲ

ಮೇಲಿನ ಲೆಕ್ಕದಲ್ಲಿ ಬೀಟಾ 200 ಎಂದು ಇಟ್ಟುಕೊಂಡದ್ದು ಅನುಕೂಲಕ್ಕಾಗಿ. ಎಲ್ಲ ಕಾಲೇಜು ಪ್ರಯೋಗಾಲಯಗಳಿಗೂ ಪರಿಚಿತವಾದ ಬಿಸಿ 547 ಟ್ರಾನ್ಸಿಸ್ಟರನ್ನು ತೆಗೆದುಕೊಂಡರೆ, ಅದರ ಡೇಟಾಶೀಟ್ (ತಯಾರಕರು ಕೊಡುವ ವಿವರಪತ್ರ) 2 ಮಿಲಿ ಆಂಪಿಯರ್‌ನಲ್ಲಿ ಬೀಟಾವನ್ನು ಮೂರು ಗುಂಪುಗಳಾಗಿ ಹಂಚುತ್ತದೆ: ಎ ಗುಂಪು 110ರಿಂದ 220, ಬಿ ಗುಂಪು 200ರಿಂದ 450, ಸಿ ಗುಂಪು 420ರಿಂದ 800. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯಲ್ಲಿ ಬರಿದೇ ಬಿಸಿ 547 ಎಂದು ಕೇಳಿದವರು ಕೈಗೆ ಬಂದ ಮೇಲೆ ಕೊನೆಯ ಅಕ್ಷರವನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಅದು ಎಷ್ಟು ಮುಖ್ಯವೆಂಬುದನ್ನು ಸರಳ ಸ್ಥಿರ ಬಯಾಸ್ ಮಂಡಲ ತೋರಿಸುತ್ತದೆ. 12 ವೋಲ್ಟ್ ಸರಬರಾಜು, ಅಲ್ಲಿಂದ ಬೇಸಿಗೆ 560 ಕಿಲೋ ಓಮ್, ಕಲೆಕ್ಟರಿಗೆ 2.2 ಕಿಲೋ ಓಮ್, ಎಮಿಟರ್ ನೇರವಾಗಿ ಗ್ರೌಂಡಿಗೆ. ಬೇಸ್ ಪ್ರವಾಹ 11.3 ÷ 560 ಕಿಲೋ ಓಮ್ = 20.2 ಮೈಕ್ರೋ ಆಂಪಿಯರ್. ಎಮಿಟರಿನಲ್ಲಿ ರೆಸಿಸ್ಟರ್ ಇಲ್ಲದ್ದರಿಂದ ಈ ಸಂಖ್ಯೆ ಎರಡೂ ವಲಯಗಳಲ್ಲಿ ಒಂದೇ. ಕಲೆಕ್ಟರಿನಲ್ಲಿ ಹರಿಯಬಹುದಾದ ಗರಿಷ್ಠ ಪ್ರವಾಹ 11.8 ÷ 2.2 ಕಿಲೋ ಓಮ್ = 5.36 ಮಿಲಿ ಆಂಪಿಯರ್. ಎರಡರ ಅನುಪಾತ 266.

ಈ 266 ಎಂಬ ಗಡಿಯೊಂದಿಗೆ ಮೂರು ಗುಂಪುಗಳನ್ನು ಹೋಲಿಸಿ ನೋಡಿ. ಎ ಗುಂಪಿನ ಗರಿಷ್ಠ 220 ಆದ್ದರಿಂದ ಆ ಗುಂಪಿನ ಯಾವುದನ್ನು ಚುಚ್ಚಿದರೂ ಮಂಡಲ ಸಕ್ರಿಯ. ಸಿ ಗುಂಪಿನ ಕನಿಷ್ಠವೇ 420 ಆದ್ದರಿಂದ ಅದು ಸಂತೃಪ್ತ. ಬಿ ಗುಂಪಿನದಾದರೆ 200 ಬೀಟಾದ ಒಂದು ತುಂಡು ಕಲೆಕ್ಟರಿನಲ್ಲಿ 3.1 ವೋಲ್ಟ್ ಉಳಿಸಿ ಸಕ್ರಿಯವಾಗಿರುತ್ತದೆ, 450 ಬೀಟಾದ ಅದರ ಪಕ್ಕದ ತುಂಡು ಸಂತೃಪ್ತವಾಗುತ್ತದೆ. ಚಿತ್ರ ಒಂದೇ, ರೆಸಿಸ್ಟರ್‌ಗಳೂ ಅವೇ. ಆದ್ದರಿಂದ ನಿಜವಾದ ಬಿಡಿಭಾಗಗಳಿಗಾಗಿ ಲೆಕ್ಕ ಮಾಡುವಾಗ ಸಕ್ರಿಯವೆಂಬ ತೀರ್ಮಾನವನ್ನು ಗರಿಷ್ಠ ಬೀಟಾದಲ್ಲಿ, ಸಂತೃಪ್ತವೆಂಬ ತೀರ್ಮಾನವನ್ನು ಕನಿಷ್ಠ ಬೀಟಾದಲ್ಲಿ ಪರೀಕ್ಷಿಸಬೇಕು.

ಹಿಂದಿನ ಡಿವೈಡರ್ ಮಂಡಲವನ್ನು 3.3 ಕಿಲೋ ಓಮ್‌ನೊಂದಿಗೆ ಇದೇ ಪರೀಕ್ಷೆಗೆ ಒಡ್ಡಿದರೆ ಬೀಟಾ 110 ಇರುವಾಗ ಕಲೆಕ್ಟರ್–ಎಮಿಟರ್ ವೋಲ್ಟೇಜ್ 6.42, 450 ಇರುವಾಗ 6.08. ಬೀಟಾ ನಾಲ್ಕು ಪಟ್ಟಾದರೂ ಅರ್ಧ ವೋಲ್ಟಿನಷ್ಟೂ ಕದಲಲಿಲ್ಲ. ಎಮಿಟರ್ ರೆಸಿಸ್ಟರಿಗೆ ಕೊಡುವ ಒಂದಷ್ಟು ವೋಲ್ಟೇಜ್ ದಂಡವಲ್ಲವೆಂದು ಪಾಠದಲ್ಲಿ ಹೇಳುವುದಕ್ಕಿಂತ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆಯಿಸುವುದು ಹೆಚ್ಚು ಫಲಕಾರಿ.

0.2 ಎಂಬ ಗೆರೆಯ ಬಗ್ಗೆ

ಬೇಸ್ 0.7ರಲ್ಲಿರುವಾಗ ಕಲೆಕ್ಟರ್ 0.7ಕ್ಕಿಂತ ಕೆಳಗಿಳಿದ ಕ್ಷಣವೇ ಕಲೆಕ್ಟರ್ ಸಂಧಿ ಫಾರ್ವರ್ಡ್ ಆಗುತ್ತದಲ್ಲ, ಮತ್ತೆ 0.2ರವರೆಗೆ ಸಕ್ರಿಯವೆನ್ನುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ವ್ಯಾಖ್ಯೆಯ ಪ್ರಕಾರ 0.7ರಲ್ಲೇ ಗಡಿ ದಾಟಿತು. ಆದರೆ ಸಂಧಿಯ ಪ್ರವಾಹ ವೋಲ್ಟೇಜಿನೊಂದಿಗೆ ಘಾತೀಯವಾಗಿ ಏರುತ್ತದೆ. ಕೊಠಡಿಯ ಉಷ್ಣತೆಯಲ್ಲಿ ಸುಮಾರು 60 ಮಿಲಿ ವೋಲ್ಟಿಗೆ ಹತ್ತು ಪಟ್ಟು. ಕಲೆಕ್ಟರ್ 0.4ರಲ್ಲಿದ್ದಾಗ ಆ ಸಂಧಿಯ ಮೇಲೆ ಇರುವುದು 0.3 ವೋಲ್ಟ್ ಮಾತ್ರ, ಅದರಲ್ಲಿ ಹರಿಯುವುದು ಲೆಕ್ಕಕ್ಕೆ ಬಾರದಷ್ಟು. ಹಾಗಾಗಿ ಕಲೆಕ್ಟರ್ ಪ್ರವಾಹ ಬೀಟಾ ಪಟ್ಟು ಎಂಬ ಸಮೀಕರಣ ಆ ವ್ಯಾಪ್ತಿಯಲ್ಲೂ ಚೆನ್ನಾಗಿಯೇ ನಡೆಯುತ್ತದೆ. ಕೈಲೆಕ್ಕದಲ್ಲಿ 0.2 ಅಥವಾ 0.3 ಯಾವುದನ್ನು ಬಳಸಿದರೂ ತೊಂದರೆಯಿಲ್ಲ. ಉತ್ತರ ಈ ಎರಡರ ನಡುವೆ ಬಿದ್ದರೆ ಗಡಿಯಲ್ಲಿದೆ ಎಂದು ಬರೆಯುವುದೇ ಪ್ರಾಮಾಣಿಕ ಉತ್ತರ. ಉಷ್ಣತೆ ಒಂದು ಡಿಗ್ರಿ ಏರಿದರೆ ಬೇಸ್–ಎಮಿಟರ್ ವೋಲ್ಟೇಜ್ ಸುಮಾರು 2 ಮಿಲಿ ವೋಲ್ಟ್ ಇಳಿಯುವುದರಿಂದ ಗಡಿಯಲ್ಲಿರುವ ಮಂಡಲ ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ವಲಯದಲ್ಲಿರಬಹುದು.

ಸ್ವಿಚ್ ಆಗಿ ಬಳಸುವಾಗ

ರಿಲೇ ಅಥವಾ ಎಲ್‌ಇಡಿ ನಡೆಸುವಲ್ಲಿ ಸಂತೃಪ್ತ ವಲಯವೇ ಗುರಿ, ಆದ್ದರಿಂದ ಅಲ್ಲಿಂದಲೇ ಆರಂಭಿಸಬೇಕು. 12 ವೋಲ್ಟಿನ, 400 ಓಮ್ ಸುರುಳಿಯ ರಿಲೇಗೆ ಬೇಕಾದದ್ದು 11.8 ÷ 400 = 29.5 ಮಿಲಿ ಆಂಪಿಯರ್. 5 ವೋಲ್ಟಿನ ಮೈಕ್ರೋಕಂಟ್ರೋಲರ್ ಪಿನ್ನಿನಿಂದ 10 ಕಿಲೋ ಓಮ್ ಮೂಲಕ ಬೇಸಿಗೆ ಕೊಟ್ಟರೆ ಬೇಸ್ ಪ್ರವಾಹ 0.43 ಮಿಲಿ ಆಂಪಿಯರ್, ಅನುಪಾತ 69. ಇದು 110ಕ್ಕಿಂತ ಕಡಿಮೆಯಾದ್ದರಿಂದ ಕಾಗದದ ಮೇಲೆ ಸಂತೃಪ್ತವೇ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಆ 110 ಎಂಬುದು ಕಲೆಕ್ಟರಿನಲ್ಲಿ 5 ವೋಲ್ಟ್ ಇಟ್ಟು, 2 ಮಿಲಿ ಆಂಪಿಯರ್‌ನಲ್ಲಿ ಅಳೆದದ್ದು. ಡೇಟಾಶೀಟ್ ಸಂತೃಪ್ತ ವೋಲ್ಟೇಜಿಗೆ ಭರವಸೆ ಕೊಡುವುದು ಅನುಪಾತ 20 ಇರುವಾಗ. 2.2 ಕಿಲೋ ಓಮ್ ಹಾಕಿದರೆ ಬೇಸ್ ಪ್ರವಾಹ 1.95 ಮಿಲಿ ಆಂಪಿಯರ್ ಆಗಿ ಅನುಪಾತ 15ಕ್ಕೆ ಇಳಿಯುತ್ತದೆ, ನೆಮ್ಮದಿಯಾಗಿರಬಹುದು.

ಲೆಕ್ಕವಿಲ್ಲದೆ ಹೇಳಬಹುದಾದ ಮಂಡಲಗಳು

ಕೆಲವು ಮಂಡಲಗಳ ಜೋಡಣೆಯೇ ಉತ್ತರ ಕೊಡುತ್ತದೆ. ಬೇಸಿಗೆ ಬರುವ ಏಕೈಕ ರೆಸಿಸ್ಟರ್ ಅದೇ ಟ್ರಾನ್ಸಿಸ್ಟರಿನ ಕಲೆಕ್ಟರಿನಿಂದ ಬಂದಿದ್ದರೆ, ಬೇಸಿಗೆ ಪ್ರವಾಹ ಹರಿಯಬೇಕಾದರೆ ಕಲೆಕ್ಟರ್ ಬೇಸಿಗಿಂತ ಮೇಲೇ ಇರಬೇಕು. ಆದ್ದರಿಂದ ಅದು ಸಂತೃಪ್ತವಾಗಲು ಸಾಧ್ಯವೇ ಇಲ್ಲ. ಕಲೆಕ್ಟರ್ ನೇರವಾಗಿ ಸರಬರಾಜಿಗೆ ಸೇರಿರುವ ಎಮಿಟರ್ ಫಾಲೋವರ್ ಕೂಡ, ಬೇಸನ್ನು ಸರಬರಾಜಿಗಿಂತ ಮೇಲೆ ಎತ್ತದ ಹೊರತು ಸಂತೃಪ್ತವಾಗದು.

ಪ್ರವಾಹ, ವೋಲ್ಟೇಜ್‌ಗಳ ದಿಕ್ಕುಗಳೆಲ್ಲ ಎನ್‌ಪಿಎನ್‌ಗೆ ವಿರುದ್ಧವಾಗಿರುವ ಪಿಎನ್‌ಪಿ ಟ್ರಾನ್ಸಿಸ್ಟರಿಗೆ ಹೊಸ ವಿಧಾನ ಬೇಡ. ಎಮಿಟರ್ ಮೇಲೆ, ಕಲೆಕ್ಟರ್ ಕೆಳಗೆ; ಎಮಿಟರಿನಿಂದ ಬೇಸಿಗೆ 0.7, ಎಮಿಟರಿನಿಂದ ಕಲೆಕ್ಟರಿಗೆ 0.2 ಎಂದು ತಿರುಗಿಸಿ ಬರೆದುಕೊಂಡರೆ ಉಳಿದದ್ದೆಲ್ಲ ಅದೇ. ಆದರೆ ಒಂದು ಬಲೆ ಪದೇ ಪದೇ ಕಾಣುತ್ತದೆ: ಎಮಿಟರ್ 12 ವೋಲ್ಟಿನಲ್ಲಿರುವ ಪಿಎನ್‌ಪಿಯ ಬೇಸಿಗೆ 5 ವೋಲ್ಟಿನ ಪಿನ್ನನ್ನು ರೆಸಿಸ್ಟರ್ ಮೂಲಕ ಜೋಡಿಸಿ, ಪಿನ್ ಮೇಲಿನ ಮಟ್ಟಕ್ಕೆ ಹೋದಾಗ ಕಟ್‌ಆಫ್ ಆಗುತ್ತದೆಂದು ನಂಬುವುದು. ಮೊದಲ ಹೆಜ್ಜೆಯ ಪರೀಕ್ಷೆ ಮಾಡಿ ನೋಡಿ. ಎಮಿಟರ್ ಮತ್ತು ಪಿನ್ ನಡುವೆ ಇನ್ನೂ 7 ವೋಲ್ಟ್ ಇದೆ. ಅದು ಎಂದೂ ಆರುವುದಿಲ್ಲ.

ಮೇಜಿನ ಮೇಲೆ ಅಳೆಯುವಾಗ

ಮಲ್ಟಿಮೀಟರಿನಲ್ಲಿ ಮೊದಲು ಬೇಸ್–ಎಮಿಟರ್ ವೋಲ್ಟೇಜ್, ಬಳಿಕ ಕಲೆಕ್ಟರ್–ಎಮಿಟರ್ ವೋಲ್ಟೇಜ್ ಅಳೆಯಬೇಕು. ಮೊದಲನೆಯದು 0.6ರಿಂದ 0.75ರ ನಡುವೆ ಇದ್ದು ಎರಡನೆಯದು ಒಂದು ವೋಲ್ಟಿಗಿಂತ ಹೆಚ್ಚಿದ್ದರೆ ಸಕ್ರಿಯ, ಎರಡನೆಯದು 0.3ಕ್ಕಿಂತ ಕಡಿಮೆಯಿದ್ದರೆ ಸಂತೃಪ್ತ. ಬೇಸ್–ಎಮಿಟರ್ ನಡುವೆ ಒಂದು ವೋಲ್ಟಿಗೂ ಹೆಚ್ಚು ತೋರಿಸಿದರೆ ವಲಯದ ಚರ್ಚೆಯನ್ನು ಬಿಟ್ಟು ಟ್ರಾನ್ಸಿಸ್ಟರನ್ನು ಬದಲಿಸಬೇಕು, ಆ ಸಂಧಿ ಒಳಗೆ ಕಡಿದುಹೋಗಿರುವ ಸಂಭವವೇ ಹೆಚ್ಚು. ಪ್ರವಾಹವನ್ನು ತಂತಿ ಕತ್ತರಿಸಿ ಅಳೆಯುವ ಗೋಜು ಬೇಡ. ರೆಸಿಸ್ಟರಿನ ಮೇಲಿನ ವೋಲ್ಟೇಜನ್ನು ಅದರ ರೋಧದಿಂದ ಭಾಗಿಸಿದರೆ ಸಾಕು.

ಲೆಕ್ಕ ಸರಿಯಿದ್ದೂ ಅಳತೆ ಒಪ್ಪದಿದ್ದರೆ, ಕಾಲುಗಳ ಕ್ರಮವನ್ನು ನೋಡಬೇಕು. ಚಪ್ಪಟೆ ಮುಖ ನಮ್ಮೆಡೆಗೆ, ಕಾಲುಗಳು ಕೆಳಕ್ಕೆ ಇರುವಂತೆ ಹಿಡಿದಾಗ ಬಿಸಿ 547ರಲ್ಲಿ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಪಿಎನ್ 2222ಎಯಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಬೇಸ್ ಎರಡರಲ್ಲೂ ನಡುವೆಯೇ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದನ್ನು ಚುಚ್ಚಿದರೂ ಮಂಡಲ ಪೂರ್ತಿ ಸಾಯುವುದಿಲ್ಲ. ಟ್ರಾನ್ಸಿಸ್ಟರ್ ತಲೆಕೆಳಗಾಗಿ, ಮೊದಲು ಬದಿಗಿಟ್ಟ ರಿವರ್ಸ್ ಸಕ್ರಿಯ ವಲಯಕ್ಕೆ ಬಂದು, ನೂರಾರು ಇರಬೇಕಿದ್ದ ಬೀಟಾ ಕೆಲವೇ ಅಂಕಿಗಳಿಗೆ ಕುಸಿದು ಕುಂಟುತ್ತ ಕೆಲಸ ಮಾಡುತ್ತದೆ. ಬೇಸ್–ಎಮಿಟರ್ ಎಂದುಕೊಂಡು ಅಳೆದ ಸಂಧಿಯಲ್ಲಿ ಆಗಲೂ 0.7ರ ಆಸುಪಾಸೇ ಕಾಣುವುದರಿಂದ ಆ ಅಳತೆಯೊಂದರಿಂದ ತಪ್ಪು ಗೊತ್ತಾಗುವುದಿಲ್ಲ. ಬೇಸ್ ರೆಸಿಸ್ಟರ್ ಮತ್ತು ಕಲೆಕ್ಟರ್ ರೆಸಿಸ್ಟರ್ ಎರಡರ ಪ್ರವಾಹವನ್ನೂ ಲೆಕ್ಕಹಾಕಿ ಅನುಪಾತ ತೆಗೆದಾಗ ಮಾತ್ರ ಗೊತ್ತಾಗುತ್ತದೆ.